ವಕೀಲರ ಕಚೇರಿಯ ಪೂರ್ವೋತ್ತರ

ವಕೀಲರೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಕರಿಯ ನಿಲುವಂಗಿಯನ್ನು ತೊಟ್ಟು, ನ್ಯಾಯಾಧೀಶರ ಮುಂದೆ ನಿಂತು, ಎದುರು ಕಕ್ಷಿಯ ಸಾಕ್ಷಿಯನ್ನು ಪ್ರಶ್ನೆಗಳಿಂದ ತಬ್ಬಿಬ್ಬುಗೊಳಿಸುವವರ ಚಿತ್ರ. ನಾಟಕ ಕಾದಂಬರಿಗಳು ಈ ಚಿತ್ರವನ್ನೇ ಪೋಷಿಸಿಕೊಂಡು ಬಂದಿವೆ. ಆದರೆ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿರುವ ಯಾವುದಾದರೊಂದು ಹಳೆಯ ವಕೀಲರ ಕಚೇರಿಯ ಬೀರುವನ್ನು ತೆರೆದು, ಅಲ್ಲಿ ದಾರ ಕಟ್ಟಿಟ್ಟಿರುವ ಕಾಗದಗಳನ್ನು ನೋಡಿದರೆ ಬೇರೊಂದು ಚಿತ್ರವು ಕಾಣಬರುತ್ತದೆ. ಕ್ರಯಪತ್ರದ ಕರಡು, ವಿಭಾಗಪತ್ರ, ದತ್ತಕಪತ್ರ, ಉಯಿಲು, ಪಾಲುಗಾರಿಕೆಯ ಕರಾರು, ಅಧಿಕಾರಪತ್ರ, ಸಾಲಗಾರನಿಗೆ ಕೊಟ್ಟ ನೋಟೀಸು, ಜಮೀನಿನ ಹಕ್ಕಿನ ವಿಷಯದಲ್ಲಿ ಬರೆದುಕೊಟ್ಟ ಅಭಿಪ್ರಾಯ, ಅಣ್ಣತಮ್ಮಂದಿರ ರಾಜೀಪತ್ರ, ಇವೆಲ್ಲವೂ ದಾವೆಯ ಕಡತಗಳ ಮಗ್ಗುಲಲ್ಲಿಯೇ ಕುಳಿತಿರುತ್ತವೆ. ಇವುಗಳಲ್ಲಿ ಬಹುಪಾಲು ಕಾಗದಗಳು ನ್ಯಾಯಸ್ಥಾನದ ಮೆಟ್ಟಿಲನ್ನು ಎಂದೂ ಹತ್ತಿದವುಗಳಲ್ಲ, ಹತ್ತಬಾರದೆಂದೇ ಬರೆಯಲ್ಪಟ್ಟವುಗಳು.

ಇಷ್ಟು ಬಗೆಯ ಕಾರ್ಯಗಳು ಒಂದೇ ಸೂರಿನ ಕೆಳಗೆ ಕೂಡಿಬಂದುದು ಬಹಳ ಹಿಂದಿನ ಸಂಗತಿಯಲ್ಲ. ಪೂರ್ವದಲ್ಲಿ ಬರೆಯುವವನೊಬ್ಬ, ಶಾಸ್ತ್ರ ಹೇಳುವವನೊಬ್ಬ, ರಾಜಿ ಮಾಡಿಸುವವರು ಬೇರೊಬ್ಬರು, ಪ್ರತಿನಿಧಿಯಾಗಿ ಮಾತನಾಡುವವನು ಮತ್ತೊಬ್ಬ, ಹೀಗೆ ಈ ಕೆಲಸಗಳು ಹಂಚಿಹೋಗಿದ್ದವು. ಅವು ಯಾರ ಯಾರ ಕೈಯಲ್ಲಿದ್ದವು, ಹೇಗೆ ವಕೀಲರ ಕೈಸೇರಿದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಾದಕ್ಕಿಂತ ಬರಹವೂ ಸಲಹೆಯೂ ಹಳೆಯವು, ಸಂಸಾರಿಗಳಿಗೆ ಅವುಗಳಿಂದಲೇ ಹೆಚ್ಚಿನ ಪ್ರಯೋಜನವೆಂಬುದು ಈ ಲೇಖಕನ ಅಭಿಪ್ರಾಯ.

ನಮ್ಮ ಧರ್ಮಶಾಸ್ತ್ರಕಾರರು ಪರರ ಪರವಾಗಿ ವಾದಿಸುವವನನ್ನು ಅಷ್ಟಾಗಿ ಆದರಿಸಿದಂತೆ ತೋರುವುದಿಲ್ಲ. ಮನುವು ವ್ಯವಹಾರವನ್ನು ಹದಿನೆಂಟು ಪದಗಳಾಗಿ ವಿಂಗಡಿಸಿದ್ದಾನೆ. ಸಾಲ, ಇಟ್ಟ ಒಡವೆ, ಒಡೆಯನಲ್ಲದವನು ಮಾಡಿದ ಮಾರಾಟ, ಕೂಡುವ್ಯಾಪಾರ, ಕೂಲಿಯ ತಕರಾರು, ಎಲ್ಲೆಯ ವಿವಾದ, ಪಿತ್ರಾರ್ಜಿತದ ವಿಭಾಗ ಮುಂತಾದ ಈ ಪಟ್ಟಿಯನ್ನು ಇಂದಿನ ಒಂದು ಸಾಧಾರಣ ವಕೀಲರ ಕಚೇರಿಯ ಕೆಲಸಗಳೊಡನೆ ಹೋಲಿಸಿದರೆ ಹೊರಗುಳಿಯುವ ವಿಷಯಗಳು ಕೆಲವೇ. ಆದರೆ ಇವುಗಳಲ್ಲಿ ಕಕ್ಷಿಗಾರನು ತಾನೇ ಸಭೆಗೆ ಬಂದು ಮಾತನಾಡತಕ್ಕದ್ದು. ತಂದೆಯೂ ಅಲ್ಲದೆ, ಮಗನೂ ಅಲ್ಲದೆ, ಸಹೋದರನೂ ಅಲ್ಲದೆ, ಕ್ರಮವಾಗಿ ನಿಯುಕ್ತನಾದವನೂ ಅಲ್ಲದೆ ಇನ್ನೊಬ್ಬರಿಗಾಗಿ ವಾದಿಸುವವನು ದಂಡಾರ್ಹನೆಂದು ನಾರದನ ಮತ. ನಿಯುಕ್ತನಾದವನಿಗೆ ಅವಕಾಶವಿದ್ದಿತೆಂಬುದು ಇದರಿಂದಲೇ ತಿಳಿಯಬರುತ್ತದೆ. ಅವನ ಸೋಲುಗೆಲವುಗಳು ಅವನನ್ನು ನಿಯಮಿಸಿದವನಿಗೇ ಸೇರತಕ್ಕವು. ಘೋರವಾದ ಅಪರಾಧಗಳಲ್ಲಿ ಮಾತ್ರ ಪ್ರತಿನಿಧಿಯನ್ನು ಕಳುಹಿಸುವಂತಿಲ್ಲವೆಂದು ಕಾತ್ಯಾಯನನು ವಿಧಿಸಿದ್ದಾನೆ. ಇಂದು ನಾವು ಯಾವ ಆಪಾದಿತನಿಗೆ ವಕೀಲನು ಅವಶ್ಯವಾಗಿ ಬೇಕೆನ್ನುತ್ತೇವೆಯೋ ಅವನಿಗೇ ಆಗ ಅದು ನಿಷಿದ್ಧವಾಗಿದ್ದಿತು.

ಶುಕ್ರನೀತಿಯಲ್ಲಿ ಇಂಥ ಪ್ರತಿನಿಧಿಯ ವೇತನವು ವ್ಯಾಜ್ಯದ ಮೌಲ್ಯದ ಹದಿನಾರನೆಯ ಒಂದು ಭಾಗವೆಂದೂ, ಮೌಲ್ಯವು ಹೆಚ್ಚಿದಂತೆ ಈ ಅಂಶವು ಇಳಿಯುತ್ತ ನೂರ ಅರವತ್ತನೆಯ ಒಂದು ಭಾಗದವರೆಗೆ ಬರುವುದೆಂದೂ ಹೇಳಿದೆ. ಆ ಗ್ರಂಥದ ಕಾಲವು ವಿವಾದಾಸ್ಪದವಾಗಿದ್ದು, ಅದು ತೀರ ಈಚಿನದೆಂದು ವಾದಿಸುವ ವಿದ್ವಾಂಸರಿರುವುದರಿಂದ, ಈ ಒಂದು ಮಾತಿನ ಮೇಲೆ ಪ್ರಾಚೀನ ಭಾರತದಲ್ಲಿ ವಕೀಲವರ್ಗವಿದ್ದಿತೆಂಬ ಸೌಧವನ್ನು ಕಟ್ಟುವುದು ಯುಕ್ತವಲ್ಲ.

ವಾದಿಸುವವನ ವಿಷಯದಲ್ಲಿ ಇಷ್ಟು ಮಿತಭಾಷಿಗಳಾದ ಸ್ಮೃತಿಕಾರರು ಪತ್ರವನ್ನು ಬರೆಯುವ ವಿಷಯದಲ್ಲಿ ಎಷ್ಟು ಎಚ್ಚರಿಕೆಯುಳ್ಳವರಾಗಿದ್ದರೆಂಬುದು ಆಶ್ಚರ್ಯಕರವಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲೇಖ್ಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಪತ್ರದಲ್ಲಿ ಸಂವತ್ಸರ, ಮಾಸ, ಪಕ್ಷ, ದಿನಗಳೂ, ಉಭಯರ ಹೆಸರು, ಜಾತಿ, ಗೋತ್ರಗಳೂ, ತಂದೆಯ ಹೆಸರೂ ಇರಬೇಕು. ಬರಹವು ಮುಗಿದ ಬಳಿಕ ಸಾಲಗಾರನು, ಮೇಲೆ ಬರೆದುದು ಇಂಥವರ ಮಗನಾದ ನನಗೆ ಸಮ್ಮತವೆಂದು ತನ್ನ ಕೈಯಿಂದಲೇ ಬರೆಯಬೇಕು. ಸಾಕ್ಷಿಗಳು ತಮ್ಮ ತಮ್ಮ ತಂದೆಯ ಹೆಸರನ್ನು ಮೊದಲು ಹೇಳಿ ತಾವು ಸಾಕ್ಷಿಯೆಂದು ಬರೆಯಬೇಕು. ಉಭಯರ ಪ್ರಾರ್ಥನೆಯಂತೆ ಇಂಥವನಾದ ನಾನು ಬರೆದೆನೆಂದು ಲೇಖಕನು ಕೊನೆಯಲ್ಲಿ ಹೆಸರು ಹಾಕಬೇಕು. ಸಾಲವನ್ನು ಕಂತುಕಂತಾಗಿ ತೀರಿಸಿದರೆ ಆಯಾ ಹಣವನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು. ಪೂರ್ತಿಯಾಗಿ ತೀರಿದಾಗ ಪತ್ರವನ್ನು ಹರಿದುಹಾಕಬೇಕು, ಇಲ್ಲವೆ ಋಣವು ತೀರಿತೆಂಬುದಕ್ಕೆ ಬೇರೊಂದು ಪತ್ರವನ್ನು ಬರೆಸಿಕೊಳ್ಳಬೇಕು. ಇಂದು ಸಬ್ ರಿಜಿಸ್ಟ್ರಾರರ ಕಚೇರಿಯ ಎದುರಿನಲ್ಲಿ ಕುಳಿತು ಬರೆಯುವ ಪತ್ರಬರಹಗಾರರು ಪತ್ರದ ಕೊನೆಗೆ ‘ಬಿಕ್ಕಲಂ’ ಎಂದು ತಮ್ಮ ಹೆಸರನ್ನು ಹಾಕುವ ಸಂಪ್ರದಾಯವು ಈ ವಿಧಿಗೆ ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರು ತಾವೇ ನೋಡಿಕೊಳ್ಳಬಹುದು.

ಈ ಸ್ಮೃತಿಗೆ ಬರೆದ ವ್ಯಾಖ್ಯಾನಗಳಲ್ಲಿ ಶಿರೋಮಣಿಯೆನಿಸಿದ ಮಿತಾಕ್ಷರೆಯು ಹುಟ್ಟಿದುದು ನಮ್ಮ ನಾಡಿನಲ್ಲಿ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಇದನ್ನು ರಚಿಸಿ, ಗ್ರಂಥಾಂತ್ಯದಲ್ಲಿ ಆ ನಗರವನ್ನೂ ತನ್ನ ದೊರೆಯನ್ನೂ ಹೊಗಳಿದ್ದಾನೆ. ವಂಗದೇಶವೊಂದನ್ನು ಬಿಟ್ಟರೆ ಹೆಚ್ಚುಕಡಮೆ ಇಡೀ ಭರತಖಂಡದ ಹಿಂದೂ ಕುಟುಂಬಗಳ ಆಸ್ತಿಯು ಇದರ ಮತದಂತೆ ನಡೆಯಿತು. ೧೮೧೦ರಲ್ಲಿ ಕೋಲ್‌ಬ್ರೂಕನು ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಇಂಗ್ಲಿಷ್ ನ್ಯಾಯಾಧೀಶರ ಮೇಜಿನ ಮೇಲೂ ಇದಕ್ಕೆ ಸ್ಥಳ ದೊರೆಯಿತು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದೆಂಬ ಇದರ ಸಿದ್ಧಾಂತದಿಂದ ಎಷ್ಟು ಮನೆಗಳು ಉಳಿದವು, ಎಷ್ಟು ಮನೆಗಳು ವ್ಯಾಜ್ಯಕ್ಕೆ ಬಿದ್ದವು ಎಂಬುದನ್ನು ಲೆಕ್ಕವಿಡುವವರು ಯಾರು?

ಇನ್ನು ನಮ್ಮ ಶಾಸನಗಳತ್ತ ತಿರುಗೋಣ. ಶಾಸನವೆಂದರೆ ಕಲ್ಲಿನ ಮೇಲೆ ಕಂಡರಿಸಿದ ಕವಿತೆಯೆಂದು ಭಾವಿಸುವವರುಂಟು. ಅವುಗಳ ಆದಿಯಲ್ಲಿ ಕವಿತೆಯಿರಬಹುದು. ನಡುವಿನಲ್ಲಿರುವುದು ಅಪ್ಪಟ ದಸ್ತಾವೇಜು. ಕೊಟ್ಟವರು ಯಾರು, ಕೊಂಡವರು ಯಾರು, ಯಾವ ತಿಥಿಯಲ್ಲಿ, ಎಷ್ಟು ಗದ್ಯಾಣಕ್ಕೆ, ಮೂಡಲು ಯಾವ ಕೆರೆ, ತೆಂಕಲು ಯಾವ ಹುಣಿಸೆಯ ಮರ, ಸಾಕ್ಷಿ ಯಾರು, ಬರೆದವರು ಯಾರು, ಒಪ್ಪ ಹಾಕಿದವರು ಯಾರು ಎಂಬ ವಿವರಗಳೆಲ್ಲ ಅಲ್ಲಿವೆ. ವಿಜಯನಗರದ ಅರಸರ ತಾಮ್ರಶಾಸನಗಳು ಸಂಸ್ಕೃತದಲ್ಲಿ ನಾಗರೀಲಿಪಿಯಲ್ಲಿದ್ದರೂ, ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ರಾಜನ ಒಪ್ಪವು ಕನ್ನಡ ಅಕ್ಷರಗಳಲ್ಲಿರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಈ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸೇನಬೋವನೇ ಮುಂದೆ ಶ್ಯಾನುಭೋಗನಾದನು. ಉತ್ತರ ಕರ್ನಾಟಕದಲ್ಲಿ ಅವನ ಕೆಲಸವನ್ನು ಮಾಡುತ್ತಿದ್ದವನು ಕುಳಕರ್ಣಿ. ಊರಿನ ಲೆಕ್ಕವನ್ನಿಡುವುದರ ಜೊತೆಗೆ ಊರಿನವರ ಪತ್ರಗಳನ್ನು ಬರೆಯುವ ಕೆಲಸವೂ ಅವನದಾಗಿದ್ದಿತು. ಯಾವ ಹೊಲವು ಯಾವ ಕಾಲದಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಬಾಯಿಪಾಠವಾಗಿ ಹೇಳಬಲ್ಲ ಶ್ಯಾನುಭೋಗನಿದ್ದ ಊರಿನಲ್ಲಿ ಹಕ್ಕಿನ ಪರಿಶೋಧನೆಗೆ ಬೇರೆ ಕಚೇರಿಯು ಬೇಕಾಗಿರಲಿಲ್ಲ. ಅಷ್ಟನ್ನೂ ಬಲ್ಲವನು ಅದನ್ನು ತನ್ನ ಲಾಭಕ್ಕೆ ಬಳಸಿಕೊಂಡ ಕಥೆಗಳೂ ಊರೂರಿನಲ್ಲಿವೆ, ಅದನ್ನು ಮರೆಮಾಚಬೇಕಾಗಿಲ್ಲ. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು ೧೯೬೧ರ ಶಾಸನವು ರದ್ದುಮಾಡಿತು.

ಹೋದವನು ಹೋದರೂ ಅವನ ಮಾತು ಉಳಿಯಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳನ್ನು ಹೊಯ್ಸಳ ವಿಜಯನಗರ ಕಾಲದ ದಾನಶಾಸನಗಳು ಹೇಗೆ ಎಣಿಸಿದವೋ ಹಾಗೆಯೇ ಇಪ್ಪತ್ತನೆಯ ಶತಮಾನದ ಕನ್ನಡ ಕ್ರಯಪತ್ರಗಳೂ, ನಡುವೆ ಒಂದು ‘ತರು’ವನ್ನು ಸೇರಿಸಿಕೊಂಡು, ಎಣಿಸುತ್ತ ಬಂದವು. ನೆಲದೊಳಗಿನದು, ನೆಲದ ಮೇಲಿನದು, ಈಗ ಇರುವುದು, ಮುಂದೆ ಆಗಬಹುದಾದುದು, ಯಾವುದನ್ನೂ ಉಳಿಸಿಕೊಳ್ಳದೆ ಕೊಟ್ಟೆನೆಂಬುದು ಇದರ ಭಾವ. ಅರ್ಥವರಿಯದೆ ಬರೆಯುವ ಮಂತ್ರವಿದೆಂದು ಕೆಲವರು ನಗುತ್ತಾರೆ. ನಗುವುದಕ್ಕೆ ಕಾರಣವೂ ಇಲ್ಲದಿಲ್ಲ. ೧೮೭೮ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿಯು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹೀಗಿರಲು ಹೊಲವನ್ನು ಮಾರುವವನು ನಿಧಿಯನ್ನು ಧಾರಾಳವಾಗಿ ಬರೆದುಕೊಡುವುದು ವಿನೋದವಾಗಿದೆ. ಆದರೂ ಮಾರಿದ ಹೊಲದ ಬಾವಿಯ ನೀರಿಗೆ, ಬದುವಿನ ಮರಕ್ಕೆ ಮಾರಿದವನು ಮರುವರ್ಷ ತಕರಾರು ತೆಗೆಯದಂತೆ ಮಾಡಿದುದು ಈ ಎಂಟು ಹತ್ತು ಶಬ್ದಗಳೇ.

ಈಗ ‘ವಕೀಲ’ನೆಂಬ ಶಬ್ದಕ್ಕೆ ಬರೋಣ. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಈ ಶಬ್ದಕ್ಕೆ ಪ್ರತಿನಿಧಿಯೆಂದರ್ಥ. ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿ ವಕೀಲನೆಂದರೆ ಒಂದು ದರ್ಬಾರಿನಿಂದ ಇನ್ನೊಂದು ದರ್ಬಾರಿಗೆ ಹೋಗುವ ರಾಯಭಾರಿ. ೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಕಾಲಕ್ಕೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನ ಡೇರೆಗೆ ಕರೆದುಕೊಂಡು ಹೋಗಿ ಒಪ್ಪಿಸಿದವನು ಸುಲ್ತಾನನ ವಕೀಲನಾದ ಗುಲಾಂ ಅಲಿ ಖಾನನು. ಮರುವರ್ಷವೇ, ಅಂದರೆ ೧೭೯೩ರಲ್ಲಿ, ಅದೇ ಕಾರ್ನ್‌ವಾಲಿಸನ ಸರ್ಕಾರವು ಬಂಗಾಳದಲ್ಲಿ ಏಳನೆಯ ರೆಗ್ಯುಲೇಷನ್ನನ್ನು ಹೊರಡಿಸಿ, ಕಂಪೆನಿಯ ದಿವಾನಿ ಅದಾಲತ್ತುಗಳಲ್ಲಿ ಕಕ್ಷಿಗಾರರ ಪರವಾಗಿ ನಡೆಯುವ ವಕೀಲರ ನೇಮಕ, ಸನ್ನದು, ವೇತನಗಳನ್ನು ಕ್ರಮಗೊಳಿಸಿತು. ದೊರೆಯ ಪ್ರತಿನಿಧಿಯ ಹೆಸರು ರೈತನ ಪ್ರತಿನಿಧಿಗೆ ಬಂದಿತು. ಹಿಂದೂ ಮುಸಲ್ಮಾನರಿಗೆ ಮಾತ್ರ ಆಗ ಈ ಸನ್ನದು. ವೇತನವು ವ್ಯಾಜ್ಯದ ಮೌಲ್ಯಕ್ಕೆ ಅನುಸಾರವಾಗಿ ಸರ್ಕಾರದಿಂದ ಗೊತ್ತಾಗಿರುತ್ತಿದ್ದಿತು. ೧೮೦೨ರಲ್ಲಿ ಮದರಾಸಿನಲ್ಲಿಯೂ, ೧೮೨೭ರಲ್ಲಿ ಎಲ್ಫಿನ್‌ಸ್ಟನ್ನನ ಸಂಹಿತೆಯ ಮೂಲಕ ಮುಂಬಯಿ ಪ್ರಾಂತದಲ್ಲಿಯೂ ಇಂಥ ವಿಧಿಗಳು ಬಂದವು. ೧೮೪೬ರ ಒಂದನೆಯ ಕಾಯಿದೆಯು ಜಾತಿಮತಗಳ ಕಟ್ಟನ್ನು ತೆಗೆದು, ಫೀಜಿನ ವಿಷಯದಲ್ಲಿ ಕಕ್ಷಿಗಾರನೂ ವಕೀಲನೂ ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಲು ಸ್ವಾತಂತ್ರ್ಯವನ್ನು ಕೊಟ್ಟಿತು. ವೃತ್ತಿಯು ಸ್ವತಂತ್ರವಾದುದು ಈ ವರ್ಷದಿಂದಲೇ ಎನ್ನಬಹುದು.

ಆದರೂ ವಕೀಲನು ಇನ್ನೂ ವಾದಿಸುವವನಾಗಿಯೇ ಉಳಿದನು. ಶಾಸ್ತ್ರಾರ್ಥವನ್ನು ಹೇಳುವುದು ಅವನ ಕೆಲಸವಾಗಿರಲಿಲ್ಲ. ಅದಕ್ಕೆ ಅದಾಲತ್ತುಗಳಲ್ಲಿ ಸಂಬಳದ ಪಂಡಿತರೂ ಮೌಲವಿಗಳೂ ಇದ್ದರು. ೧೮೬೪ರ ಹನ್ನೊಂದನೆಯ ಕಾಯಿದೆಯು ಈ ಹುದ್ದೆಗಳನ್ನು ತೆಗೆದುಹಾಕಿತು. ದತ್ತಕವು ಸಿಂಧುವೇ, ವಿಧವೆಗೆ ಪಾಲುಂಟೆ ಎಂದು ಕೇಳಲು ಜನರು ಆ ಮೇಲೆ ಯಾರ ಬಳಿಗೆ ಹೋಗಬೇಕು? ವಕೀಲನ ಬಳಿಗೇ ಹೋದರು. ಅಭಿಪ್ರಾಯವನ್ನು ಬರೆದುಕೊಡುವ ಕೆಲಸವು ಪಂಡಿತನ ಪೀಠದಿಂದ ವಕೀಲನ ಮೇಜಿಗೆ ಬಂದ ಬಗೆಯಿದು. ಅದೇ ೧೮೬೪ರಲ್ಲಿ ದಸ್ತಾವೇಜುಗಳ ನೋಂದಣಿಗಾಗಿ ಕಾಯಿದೆಯೂ ಹುಟ್ಟಿತು. ೧೮೭೨ರಲ್ಲಿ ಕರಾರಿನ ಕಾಯಿದೆ, ೧೮೮೨ರಲ್ಲಿ ಸ್ವತ್ತು ವರ್ಗಾವಣೆಯ ಕಾಯಿದೆ, ೧೮೯೯ರಲ್ಲಿ ಛಾಪಾಕಾಗದದ ಕಾಯಿದೆ, ಹೀಗೆ ಒಂದರ ಮೇಲೊಂದು ಬಂದ ಮೇಲೆ ಶ್ಯಾನುಭೋಗನ ಲೇಖನಿಯು ಸಾಲದಾಯಿತು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಕ್ರಯವು ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ಶಾಸನವೇ ಹೇಳಿದ ಮೇಲೆ, ಬರೆಯುವವನು ಕಾಯಿದೆಯನ್ನು ಬಲ್ಲವನಾಗಿರಬೇಕಾಯಿತು. ಪಂಡಿತ, ಶ್ಯಾನುಭೋಗ ಇಬ್ಬರ ಕೆಲಸಗಳೂ ಅರ್ಧ ಶತಮಾನದೊಳಗಾಗಿ ವಕೀಲನ ಕಚೇರಿಯನ್ನು ಸೇರಿದವು.

ನಮ್ಮ ನಾಡಿನಲ್ಲಿ ಇದು ಒಂದೇ ರೀತಿಯಲ್ಲಿ ನಡೆಯಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ, ಮತ್ತು ೧೮೬೨ರಿಂದ ಉತ್ತರ ಕನ್ನಡ, ಇವು ಮುಂಬಯಿಗೆ. ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೆ. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನಿಗೆ. ಕೊಡಗು ಬೇರೆ, ಮೈಸೂರು ಬೇರೆ. ಒಂದು ಜಿಲ್ಲೆಯ ಕನ್ನಡಿಗನ ಮೇಲ್ಮನವಿಯು ಮುಂಬಯಿಗೆ ಹೋದರೆ ನೆರೆಯ ಜಿಲ್ಲೆಯವನದು ಹೈದರಾಬಾದಿಗೆ ಹೋಗುತ್ತಿದ್ದಿತು. ಮೈಸೂರಿನಲ್ಲಿ ೧೮೮೪ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಗಿ ೧೯೩೦ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಅದು ನಡೆದುಬಂದ ಕೆಂಪು ಕಟ್ಟಡಕ್ಕೆ ಜನರು ಹದಿನೆಂಟು ಇಲಾಖೆಗಳ ನೆನಪಿನಿಂದ ಅಠಾರಾ ಕಚೇರಿಯೆಂದರು. ಮನುವಿನ ಹದಿನೆಂಟು ಪದಗಳಿಗೂ ಇದಕ್ಕೂ ಸಂಬಂಧವೇನೂ ಇಲ್ಲವಾದರೂ ಸಂಖ್ಯೆಗಳು ಕೂಡಿಬಂದಿರುವುದು ಸೊಗಸಾಗಿದೆ. ೧೯೫೬ರಲ್ಲಿ ನಾಡು ಒಂದಾದಾಗ ಈ ಐದು ಬಗೆಯ ಕಾಗದಪತ್ರಗಳೂ ಒಂದೇ ಉಚ್ಚ ನ್ಯಾಯಾಲಯದ ಮುಂದೆ ಬಂದವು. ಉತ್ತರದವರು ಬೆಂಗಳೂರಿಗೆ ಅಲೆಯುವುದು ತಪ್ಪಿದುದು ೨೦೦೮ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಪೀಠಗಳಾದ ಮೇಲೆ.

ಹಲವು ವಕೀಲರು ಪಾಲುಗಾರರಾಗಿ ಸೇರಿ ನಡೆಸುವ ಕಾನೂನು ಸಂಸ್ಥೆಯ ಮೂಲವು ಮುಂಬಯಿ, ಕಲ್ಕತ್ತೆಗಳಲ್ಲಿದೆ. ಅಲ್ಲಿನ ಉಚ್ಚ ನ್ಯಾಯಾಲಯಗಳ ಮೂಲವಿಭಾಗದಲ್ಲಿ ಇಂಗ್ಲೆಂಡಿನ ಪದ್ಧತಿಯಂತೆ ವಾದಿಸುವ ಬ್ಯಾರಿಸ್ಟರನು ಬೇರೆ, ಕಕ್ಷಿಗಾರನನ್ನು ಕಂಡು ಕಾಗದಗಳನ್ನು ಸಿದ್ಧಪಡಿಸುವ ಸಾಲಿಸಿಟರನು ಬೇರೆ. ವರ್ತಕರು, ಹಡಗಿನವರು, ಗಿರಣಿಯವರು ಇವರ ಕರಾರು ಪತ್ರಗಳನ್ನು ಬರೆಯುವುದರಲ್ಲಿಯೇ ಸಾಲಿಸಿಟರುಗಳ ಸಂಸ್ಥೆಗಳು ಬೆಳೆದವು. ಮುಂಬಯಿಯ ಕ್ರಾಫರ್ಡ್ ಬೇಲಿ ಸಂಸ್ಥೆಯು ೧೮೩೦ರಷ್ಟು ಹಿಂದಿನದು. ನಮ್ಮ ಮೊಫಸಲ್ ಊರುಗಳಲ್ಲಿ ಈ ಭೇದವೇ ಇರಲಿಲ್ಲ. ಹಿರಿಯ ವಕೀಲರೊಬ್ಬರು, ಅವರ ಬಳಿ ಕೆಲಸ ಕಲಿಯುವ ಕಿರಿಯರಿಬ್ಬರು, ಎಲ್ಲರಿಗಿಂತ ಹೆಚ್ಚು ಬಲ್ಲ ಗುಮಾಸ್ತನೊಬ್ಬ, ಇಷ್ಟೇ ಕಚೇರಿ. ಬೆಳಿಗ್ಗೆ ಜಾಮೀನಿನ ಅರ್ಜಿ, ಮಧ್ಯಾಹ್ನ ಭೂಮಿಯ ದಾವೆ, ಸಂಜೆ ಉಯಿಲಿನ ಕರಡು. ಬ್ಯಾರಿಸ್ಟರ್, ಸಾಲಿಸಿಟರ್, ಪಂಡಿತ, ಬರಹಗಾರ ಎಲ್ಲವೂ ಅವರೇ. ಸರ್ವವಿಧ ಸೇವೆಯ ಕಾನೂನು ಕಚೇರಿಯೆಂದು ಈಗ ಹೊಸದಾಗಿ ಹೇಳುವುದನ್ನು ಈ ಊರುಗಳ ವಕೀಲರು ಹೆಸರಿಡದೆಯೇ ನಡೆಸಿಕೊಂಡು ಬಂದಿದ್ದರು. ೧೯೬೧ರ ನ್ಯಾಯವಾದಿಗಳ ಕಾಯಿದೆಯು ವಕೀಲ, ಪ್ಲೀಡರ್, ಮುಖ್ತಿಯಾರ ಎಂಬ ದರ್ಜೆಗಳನ್ನು ಕಳೆದು ದೇಶಕ್ಕೆಲ್ಲ ಒಂದೇ ನ್ಯಾಯವಾದಿವರ್ಗವನ್ನು ಮಾಡಿತು. ಮುಂಬಯಿ ಕಲ್ಕತ್ತೆಗಳ ದ್ವಿವಿಧ ಪದ್ಧತಿಯನ್ನು ೧೯೭೬ರ ತಿದ್ದುಪಡಿಯು ಕೊನೆಗಾಣಿಸಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳು ಕಂಪೆನಿ, ತೆರಿಗೆ, ಆವಿಷ್ಕಾರದ ಹಕ್ಕು ಎಂದು ವಿಭಾಗ ವಿಭಾಗವಾಗಿ ನಡೆಸುವ ಕೆಲಸಗಳು ನಮ್ಮ ಸಂಸಾರಗಳಿಗೆ ದೂರವಾದುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಸಂಸಾರಗಳಿಗೆ ಹತ್ತಿರವಾದ ಒಂದೆರಡು ವಿಷಯಗಳನ್ನು ಮಾತ್ರ ವಿಸ್ತಾರವಾಗಿ ಹೇಳಬೇಕಾಗಿದೆ. ಭೋಗ್ಯದ ಅಡಮಾನವನ್ನೇ ತೆಗೆದುಕೊಳ್ಳಿ. ಹಣವನ್ನು ಪಡೆದು ಹೊಲವನ್ನು ಒಪ್ಪಿಸಿ, ಬಡ್ಡಿಗೆ ಬದಲಾಗಿ ಬೆಳೆಯನ್ನು ಸಾಲಕೊಟ್ಟವನು ಅನುಭವಿಸುವ ಈ ಪದ್ಧತಿಯು ನಮ್ಮಲ್ಲಿ ಬಹು ಹಳೆಯದು. ಮಿಕ್ಕ ಆಧಿಗಳು ವಾಯಿದೆ ತಪ್ಪಿದರೆ ಕೈಬಿಟ್ಟುಹೋಗಬಹುದು, ಫಲವನ್ನು ಅನುಭವಿಸುವ ಆಧಿಯು ಮಾತ್ರ ಹಾಗೆ ಹೋಗತಕ್ಕದ್ದಲ್ಲವೆಂದು ಯಾಜ್ಞವಲ್ಕ್ಯನು ವಿಧಿಸಿದ್ದನು. ಕಾಲಮಿತಿಯ ಶಾಸನವು ಬಂದ ಮೇಲೆ, ಅಜ್ಜನು ಭೋಗ್ಯಕ್ಕೆ ಹಾಕಿದ ಹೊಲವನ್ನು ಮೊಮ್ಮಗನು ಬಿಡಿಸಿಕೊಳ್ಳಲು ಹೋದಾಗ, ಅವಧಿಯು ಮೀರಿತು, ಹೊಲವು ನಮ್ಮದಾಯಿತು ಎಂದು ಎದುರಿನವರು ಹೇಳುತ್ತಿದ್ದರು. ಉಚ್ಚ ನ್ಯಾಯಾಲಯಗಳಲ್ಲಿಯೂ ಭಿನ್ನಾಭಿಪ್ರಾಯಗಳಿದ್ದವು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಅಡಮಾನದಲ್ಲಿ ಕಾಲವು ಪತ್ರವನ್ನು ಬರೆದ ದಿನದಿಂದ ಓಡಲಾರಂಭಿಸುವುದಿಲ್ಲ, ಅವಧಿ ಕಳೆಯಿತೆಂಬ ಮಾತ್ರಕ್ಕೆ ಅಡಮಾನವನ್ನು ಹಿಡಿದವನು ಒಡೆಯನಾಗುವುದಿಲ್ಲ ಎಂದು ನಿರ್ಣಯಿಸಿತು. ಕಲ್ಯಾಣದಲ್ಲಿ ವ್ಯಾಖ್ಯಾನಿಸಲ್ಪಟ್ಟ ಸ್ಮೃತಿಯೂ ದಿಲ್ಲಿಯ ತೀರ್ಪೂ ಬೇರೆ ಬೇರೆ ದಾರಿಗಳಿಂದ ಹೊರಟು ಒಂದೇ ಹೊಲದ ಬದುವಿನಲ್ಲಿ ಬಂದು ನಿಂತಿವೆ. ಇದನ್ನು ಅರಿಯದೆ ಹೊಲವನ್ನು ಬಿಟ್ಟುಕೊಟ್ಟ ಮನೆತನಗಳು ನಮ್ಮ ಜಿಲ್ಲೆಗಳಲ್ಲಿ ಇಲ್ಲದಿಲ್ಲ.

ಎರಡನೆಯದು ಖಾತೆಯ ಭ್ರಮೆ. ಖಾತೆಯು ನನ್ನ ಹೆಸರಿನಲ್ಲಿದೆ, ಪಹಣಿಯಲ್ಲಿ ನನ್ನ ಹೆಸರಿದೆ, ಆದುದರಿಂದ ಸ್ವತ್ತು ನನ್ನದೆಂದು ವಿದ್ಯಾವಂತರೂ ನಂಬಿರುತ್ತಾರೆ. ಕಂದಾಯದ ದಾಖಲೆಯು ಕಂದಾಯವನ್ನು ಯಾರು ಕಟ್ಟಬೇಕೆಂಬುದಕ್ಕಾಗಿ ಇರುವುದೇ ಹೊರತು, ಅದರಿಂದ ಸ್ವಾಮ್ಯವು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ನ್ಯಾಯಾಲಯಗಳು ಪದೇ ಪದೇ ಹೇಳಿವೆ. ಸ್ವಾಮ್ಯವಿರುವುದು ಮೂಲಪತ್ರಗಳ ಸರಪಣಿಯಲ್ಲಿ. ನೆಲವನ್ನು ಕೊಳ್ಳುವವರಿಗಾಗಿ ವಕೀಲರು ಮಾಡುವ ಪರಿಶೋಧನೆಯೆಂದರೆ ಈ ಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದುನೋಡುವುದು: ಮಾರುವವನಿಗೆ ಇದು ಹೇಗೆ ಬಂದಿತು, ಅವನಿಗೆ ಕೊಟ್ಟವನಿಗೆ ಹೇಗೆ ಬಂದಿತು, ವಿಭಾಗದಲ್ಲಿ ಯಾರ ಸಹಿಯಾದರೂ ತಪ್ಪಿಹೋಗಿದೆಯೆ, ಅಪ್ರಾಪ್ತವಯಸ್ಕರ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿಯಿದ್ದಿತೆ, ಚೆಕ್ಕುಬಂದಿಯು ಪತ್ರದಿಂದ ಪತ್ರಕ್ಕೆ ಬದಲಾಗಿದೆಯೆ. ಋಣಭಾರ ಪ್ರಮಾಣಪತ್ರವು ನೋಂದಾಯಿತವಾದುದನ್ನು ಮಾತ್ರ ತೋರಿಸುವುದು. ನೋಂದಾವಣೆಯಾಗದೆ ಉಳಿದಿರುವ ಹಕ್ಕುಬಾಧ್ಯತೆಗಳನ್ನು ಅದು ತೋರಿಸಲಾರದು. ಈ ಪರಿಶೋಧನೆಗೆ ಕೊಡುವ ಫೀಜನ್ನು ಉಳಿಸಹೋಗಿ ಜನ್ಮವಿಡೀ ಕೂಡಿಟ್ಟ ಹಣವನ್ನು ನೀರಿಗೆ ಹಾಕಿದವರ ದಾವೆಗಳು ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿಯೂ ದೊರೆಯುತ್ತವೆ.

ವಿಭಾಗಪತ್ರದ ಮಾತು ಬಂದಿತು. ಮಿತಾಕ್ಷರೆಯು ಮಗನಿಗೆ ಕೊಟ್ಟ ಹುಟ್ಟುಹಕ್ಕನ್ನು ಮಗಳಿಗೆ ಕೊಡಲಿಲ್ಲ. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತೆಯಾದ ಮಗಳು ಇವರಿಗೆ ಪಾಲನ್ನು ವಿಧಿಸಿತು. ೧೯೫೬ರ ಉತ್ತರಾಧಿಕಾರ ಶಾಸನ, ೧೯೯೪ರ ಕರ್ನಾಟಕದ ತಿದ್ದುಪಡಿ, ೨೦೦೫ರ ಕೇಂದ್ರದ ತಿದ್ದುಪಡಿ, ೨೦೨೦ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವು ಕ್ರಮವಾಗಿ ಬಂದು ಮಗಳನ್ನು ಹುಟ್ಟಿನಿಂದಲೇ ಮಗನ ಸಮಾನಳನ್ನಾಗಿ ಮಾಡಿವೆ. ಹೀಗಿದ್ದರೂ ಹಳೆಯ ಕರಡನ್ನು ನಕಲುಮಾಡಿ ಗಂಡುಮಕ್ಕಳ ಹೆಸರನ್ನು ಮಾತ್ರ ಹಾಕಿದ ವಿಭಾಗಪತ್ರಗಳು ಇನ್ನೂ ಬರೆಯಲ್ಪಡುತ್ತಿವೆ. ಅವು ವಿಭಾಗಪತ್ರಗಳಲ್ಲ, ಮುಂದಣ ದಾವೆಯ ಬೀಜಗಳು.

ಸ್ತ್ರೀಯರು ಈ ವೃತ್ತಿಗೆ ಬಂದ ಕಥೆಯೂ ಇಲ್ಲಿ ಪ್ರಸ್ತುತವಾಗಿದೆ. ಕಾರ್ನೀಲಿಯಾ ಸೊರಾಬ್ಜಿಯವರು ೧೮೯೨ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಯನ್ನು ಮುಗಿಸಿದರೂ, ಹೆಂಗಸೆಂಬ ಕಾರಣದಿಂದ ವಾದಿಸುವ ಸನ್ನದು ಅವರಿಗೆ ದೊರೆಯಲಿಲ್ಲ. ೧೯೦೪ರಲ್ಲಿ ಅವರು ಬಂಗಾಳದ ಕೋರ್ಟ್ ಆಫ್ ವಾರ್ಡ್ಸಿಗೆ ಸಲಹೆಗಾರ್ತಿಯಾಗಿ, ಅಂತಃಪುರದ ತೆರೆಯ ಹಿಂದೆ ಪರಪುರುಷರೊಡನೆ ಮಾತನಾಡಲಾರದೆ ಆಸ್ತಿಯನ್ನು ಕಾರಭಾರಿಗಳ ಕೈಗೆ ಬಿಟ್ಟು ಕುಳಿತಿದ್ದ ವಿಧವೆಯರನ್ನೂ ಮಕ್ಕಳನ್ನೂ ಪಲ್ಲಕ್ಕಿಯಲ್ಲಿ, ದೋಣಿಯಲ್ಲಿ, ಆನೆಯ ಮೇಲೆ ಹೋಗಿ ಕಂಡು, ನೂರಾರು ಮಂದಿಯ ಲೆಕ್ಕಪತ್ರಗಳನ್ನು ನೇರ್ಪಡಿಸಿದರು. ೧೯೧೬ರಲ್ಲಿ ಕಲ್ಕತ್ತೆಯ ನ್ಯಾಯಾಲಯವು ರೆಜಿನಾ ಗುಹ ಎಂಬವರಿಗೂ, ೧೯೨೧ರಲ್ಲಿ ಪಾಟ್ನಾದ ನ್ಯಾಯಾಲಯವು ಸುಧಾಂಶುಬಾಲಾ ಹಾಜ್ರಾ ಎಂಬವರಿಗೂ ಸನ್ನದನ್ನು ನಿರಾಕರಿಸಿದವು. ೧೯೨೧ರಲ್ಲಿಯೇ ಅಲಹಾಬಾದು ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ೧೯೨೩ರ ಕಾಯಿದೆಯು ಬಾಗಿಲನ್ನು ತೆರೆಯಿತು. ಅವರ ಜೀವಮಾನದ ಹಿರಿಯ ಕೆಲಸವು ನಡೆದುದು ಸನ್ನದಿಲ್ಲದ ವರ್ಷಗಳಲ್ಲಿ, ನ್ಯಾಯಾಲಯದ ಹೊರಗೆ.

ವಕೀಲರ ಮೇಲಿನ ದೂರೂ ವೃತ್ತಿಯಷ್ಟೇ ಹಳೆಯದು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ಸುಮ್ಮನೆ ಹುಟ್ಟಿದುದಲ್ಲ. ಗಾಂಧೀಜಿಯವರು ತಾವೇ ವಕೀಲರಾಗಿದ್ದು, ೧೯೦೯ರ ಹಿಂದ್ ಸ್ವರಾಜ್ಯದಲ್ಲಿ ವಕೀಲರನ್ನು ಕಟುವಾಗಿ ಖಂಡಿಸಿದರು. ಆದರೆ ಅವರ ವಕೀಲಿಯ ಆರಂಭವನ್ನು ನೋಡಬೇಕು. ೧೮೯೩ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದುದು ದಾದಾ ಅಬ್ದುಲ್ಲಾ ಎಂಬ ವರ್ತಕರ ೪೦,೦೦೦ ಪೌಂಡುಗಳ ದಾವೆಗಾಗಿ. ಉಭಯರೂ ಬಂಧುಗಳು. ಖರ್ಚಿನಿಂದ ಇಬ್ಬರೂ ಹಾಳಾಗುವುದನ್ನು ಕಂಡು, ಗಾಂಧೀಜಿಯವರು ಅವರನ್ನು ಮಧ್ಯಸ್ಥಿಕೆಗೆ ಒಪ್ಪಿಸಿದರು. ತಮ್ಮ ಕಕ್ಷಿಗಾರನು ಗೆದ್ದ ಮೇಲೆ, ಸೋತವನು ದಿವಾಳಿಯಾಗದಂತೆ ದೀರ್ಘಕಾಲದ ಕಂತುಗಳಿಗೂ ಅವನನ್ನು ಒಡಂಬಡಿಸಿದರು. ಮೊದಲನೆಯ ಕಾರ್ಯಕ್ಕಿಂತ ಎರಡನೆಯದು ಕಷ್ಟವಾಯಿತೆಂದು ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ನಮ್ಮ ಊರುಗಳಲ್ಲಿ ಪಂಚಾಯಿತಿಯು ಮಾಡುತ್ತಿದ್ದ ಕೆಲಸವಿದು. ಮನ್ರೋವಿನ ಪ್ರಯತ್ನದಿಂದ ೧೮೧೬ರಲ್ಲಿ ಮದರಾಸು ಸರ್ಕಾರವು ಪಂಚಾಯಿತಿಗಳಿಗೆ ಶಾಸನದ ಬಲವನ್ನು ಕೊಟ್ಟಿತಾದರೂ ಅವು ಊರ್ಜಿತವಾಗಲಿಲ್ಲ. ಜಾತಿಯ ಬಲ, ಧನಬಲಗಳಿಗೆ ಮಣಿಯುತ್ತಿದ್ದ ಪಂಚಾಯಿತಿಯನ್ನು ಇದ್ದಂತೆಯೇ ಮರಳಿ ತರಬೇಕೆಂದು ಈ ಲೇಖಕನೇನೂ ಹೇಳುವುದಿಲ್ಲ; ಬಡವನಿಗೆ ಅಲ್ಲಿ ಮಾತಿಗೇ ಎಡೆಯಿರಲಿಲ್ಲ. ೨೦೦೭ರಲ್ಲಿ ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರದಲ್ಲಿ ತರಬೇತಿ ಪಡೆದ ವಕೀಲರೇ ಮಧ್ಯಸ್ಥರಾಗಿ ಕುಳಿತುಕೊಳ್ಳುತ್ತಾರೆ. ಪಂಚಾಯಿತಿದಾರರ ಕೆಲಸವೂ ಹೀಗೆ ವಕೀಲರ ಪಾಲಿಗೆ ಬಂದಂತಾಯಿತು.

ಫೀಜಿನ ವಿಷಯದಲ್ಲಿ ಎರಡು ಮಾತು. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಕೊಡಬೇಕೆಂಬ ಒಪ್ಪಂದವು ನಮ್ಮ ದೇಶದ ನ್ಯಾಯವಾದಿಗಳಿಗೆ ನಿಷಿದ್ಧ. ವಕೀಲರ ಪರಿಷತ್ತಿನ ನಿಯಮವೇ ಹಾಗಿದೆ. ಅಂಥ ಒಪ್ಪಂದವನ್ನು ಮುಂದಿಡುವವರಿಂದ ದೂರವಿರುವುದು ಲೇಸು. ಫೀಜನ್ನು ಕೊಡಲಾರದವರ ಗತಿಯೇನೆಂದರೆ, ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೩೯-ಎ ವಿಧಿಯ ಅನುಸಾರ ೧೯೮೭ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವಾಗಿ ೧೯೯೫ರಿಂದ ಜಾರಿಯಲ್ಲಿದೆ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕೂಲಿಗಾರರು, ಬಂಧನದಲ್ಲಿರುವವರು ಇವರಿಗೆ ಆದಾಯವೆಷ್ಟೇ ಇದ್ದರೂ, ಮಿಕ್ಕವರಿಗೆ ಗೊತ್ತುಮಾಡಿದ ಮಿತಿಯೊಳಗೆ ಆದಾಯವಿದ್ದರೆ, ವಕೀಲರ ಸೇವೆಯು ಉಚಿತವಾಗಿ ದೊರೆಯತಕ್ಕದ್ದು. ಈ ಹಕ್ಕನ್ನು ಬಲ್ಲ ಗೃಹಿಣಿಯರು ನಮ್ಮಲ್ಲಿ ತೀರ ವಿರಳ. ಅರ್ಜಿಯನ್ನು ಕೊಡುವುದಕ್ಕೆ ದೂರ ಹೋಗಬೇಕಾಗಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯ ಕಚೇರಿಯಿರುತ್ತದೆ, ಅರ್ಜಿಯು ಕನ್ನಡದಲ್ಲಿದ್ದರೆ ಸಾಕು.